ದೂರು ಒಂದೆಡೆ, ರೋಗ ಇನ್ನೊಂದೆಡೆ: ಎದೆಯ ನಡುಭಾಗ ಮತ್ತು ಚೆಂಬೂರು

ಎದೆಗೂಡಿನೊಳಗೆ ಎರಡು ಶ್ವಾಸಕೋಶಗಳ ನಡುವೆ ಉಳಿಯುವ ಜಾಗವನ್ನು ವೈದ್ಯರು ಮೀಡಿಯಾಸ್ಟೈನಮ್ ಎಂದು ಕರೆಯುತ್ತಾರೆ. ಅದರ ಮುಂದೆ ಎದೆಚಕ್ಕೆ, ಹಿಂದೆ ಬೆನ್ನೆಲುಬು, ಮೇಲೆ ಕೊರಳ ಬುಡ, ಕೆಳಗೆ ವಪೆ. ಈ ಇಕ್ಕಟ್ಟಿನಲ್ಲಿ ಹೃದಯ, ಮಹಾಪಧಮನಿ, ಶ್ವಾಸನಾಳ, ಅನ್ನನಾಳ, ದುಗ್ಧರಸದ ಹೆದ್ದಾರಿಯಂತಹ ನಾಳ, ಗೊಂಚಲುಗೊಂಚಲಾಗಿ ದುಗ್ಧಗ್ರಂಥಿಗಳು ಮತ್ತು ಕೊರಳಿನಿಂದ ಹೊಟ್ಟೆಗೆ ಇಳಿಯುವ ನರಗಳು ಮೈಗೆ ಮೈ ತಾಗಿಸಿಕೊಂಡಿವೆ. ಇವುಗಳ ನಡುವೆ ಗೋಡೆಗಳಿಲ್ಲ. ಒಂದಿಷ್ಟು ಕೊಬ್ಬು, ಒಂದಿಷ್ಟು ಸಡಿಲ ಅಂಗಾಂಶ, ಅಷ್ಟೇ. ಹಾಗಾಗಿ ಇಲ್ಲಿ ಒಂದು ಅಂಗ ಕೆಟ್ಟರೆ ದೂರು ಕೇಳಿಬರುವುದು ಹಲವು ಸಲ ಪಕ್ಕದ ಅಂಗದಿಂದ. ಗ್ರಂಥಿ ಊದಿದರೆ ದನಿ ಬೀಳುತ್ತದೆ, ಹೃದಯದ ಕೋಣೆ ಹಿಗ್ಗಿದರೆ ತುತ್ತು ಇಳಿಯುವುದಿಲ್ಲ, ಅನ್ನನಾಳದಲ್ಲಿ ಹುಳಿ ಏರಿದರೆ ಕೆಮ್ಮು ಬರುತ್ತದೆ.

ನಗರದ ವೈದ್ಯಕೀಯ ಮಾತ್ರ ಗಂಟಲಿಗೊಬ್ಬರು, ಶ್ವಾಸಕ್ಕೊಬ್ಬರು, ಹೃದಯಕ್ಕೊಬ್ಬರು, ಹೊಟ್ಟೆಗೊಬ್ಬರು ಎಂದು ಹಂಚಿಹೋಗಿದೆ. ಗಾಳಿಯ ಮಾಲಿನ್ಯದ ಚರ್ಚೆಯೂ ಶ್ವಾಸಕೋಶದ ಬಾಗಿಲಿಗೆ ಬಂದು ನಿಂತುಬಿಡುತ್ತದೆ. ಈ ಎರಡು ಅಭ್ಯಾಸಗಳೂ ಎದೆಯ ರಚನೆಗೆ ಹೊಂದುವಂಥವಲ್ಲ.

ಇದನ್ನು ಪರೀಕ್ಷಿಸಿ ನೋಡಲು ಮುಂಬಯಿಯಲ್ಲಿ ಚೆಂಬೂರಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಅದರ ಆಗ್ನೇಯಕ್ಕೆ ಮಾಹುಲ್ ಮತ್ತು ಟ್ರಾಂಬೆಯ ಕಡೆ 1954–55ರಲ್ಲಿ ಎರಡು ತೈಲ ಸಂಸ್ಕರಣಾಗಾರಗಳು ಶುರುವಾದವು. 1965ರ ಹೊತ್ತಿಗೆ ರಸಗೊಬ್ಬರ ಕಾರ್ಖಾನೆ ಬಂತು. ವಿದ್ಯುತ್ ಸ್ಥಾವರವೂ ಅಲ್ಲೇ ಇದೆ. ಪಕ್ಕದ ದೇವನಾರದಲ್ಲಿ 1927ರಿಂದ ನಗರದ ಕಸ ಬೀಳುತ್ತಿದೆ. 2016ರ ಜನವರಿ ಕೊನೆಯಲ್ಲಿ ಆ ಕಸದ ಗುಡ್ಡಕ್ಕೆ ಬೆಂಕಿ ಬಿದ್ದಾಗ ಹೊಗೆ ಚೆಂಬೂರನ್ನೂ ದಾಟಿ ಹೋಯಿತು, ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಅದಕ್ಕೂ ಮುಂಚೆ, 2015ರ ಡಿಸೆಂಬರಿನಲ್ಲಿ, ಮಾಹುಲ್ ಮತ್ತು ಅಂಬಾಪಾಡಾದ ನಿವಾಸಿಗಳ ಆರೋಗ್ಯಕ್ಕೆ ಅಲ್ಲಿಯ ಗಾಳಿಯಿಂದ ಅಪಾಯವಿದೆ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. ಚೆಂಬೂರಿಗೆ ‘ಗ್ಯಾಸ್ ಚೇಂಬರ್’ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಸುಮ್ಮನೆ ಅಲ್ಲ. ಹೋಟೆಲು, ಬ್ಯಾಂಕು, ಕಾರ್ಖಾನೆ, ಅಣುಶಕ್ತಿ ಕೇಂದ್ರದ ಕೆಲಸಕ್ಕೆಂದು ಬಂದು ನೆಲೆಸಿ, ಚೆಂಬೂರು ಕರ್ನಾಟಕ ಸಂಘವನ್ನು ಕಟ್ಟಿಕೊಂಡ ಕನ್ನಡಿಗರೂ ಉಸಿರಾಡುವುದು ಇದೇ ಗಾಳಿಯನ್ನು.

ಗಾಳಿಯಲ್ಲಿರುವುದೆಲ್ಲ ಒಂದೇ ಹಾದಿಯಲ್ಲಿ ಹೋಗುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಗಂಧಕದ ಡೈ ಆಕ್ಸೈಡ್, ಅಮೋನಿಯಾದಂಥ ಅನಿಲಗಳು ನೀರಿನಲ್ಲಿ ಬೇಗ ಕರಗುತ್ತವೆ. ಮೂಗು, ಗಂಟಲು, ಶ್ವಾಸನಾಳದ ಒದ್ದೆ ಪೊರೆಯಲ್ಲೇ ಅವುಗಳ ಬಹುಪಾಲು ಹೀರಿಹೋಗುತ್ತದೆ. ಗಂಟಲು, ಶ್ವಾಸನಾಳಗಳಲ್ಲಿ ಅವು ಕೆರಳಿಸುವುದು ಕೊರಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರದ ತುದಿಗಳನ್ನು. ಆ ನರ ಸುದ್ದಿಯನ್ನು ಮೆದುಳಿನ ಬುಡಕ್ಕೆ ಒಯ್ಯುತ್ತದೆ. ಅಲ್ಲಿಂದ ಕೆಮ್ಮಿನ ಆದೇಶ ಹೊರಡುತ್ತದೆ, ಸಣ್ಣ ಶ್ವಾಸನಳಿಕೆಗಳು ಬಿಗಿದುಕೊಳ್ಳುತ್ತವೆ. ಕಾರ್ಖಾನೆಯ ವಾಸನೆ ಮೂಗಿಗೆ ಬಡಿದ ಕೂಡಲೇ ಬರುವ ಕೆಮ್ಮು ಹೀಗೆ ಮೊದಲಿಗೆ ನರದ ವಿದ್ಯಮಾನ. ಶ್ವಾಸಕೋಶದ ಆಳಕ್ಕೆ ಆಗ ಇನ್ನೂ ಏನೂ ತಲುಪಿರುವುದಿಲ್ಲ.

ಕಣಗಳ ಕಥೆ ಬೇರೆ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಮಸಿಯ ಕಣ ಶ್ವಾಸಕೋಶದ ಗಾಳಿಗೂಡಿನವರೆಗೆ ಇಳಿಯಬಲ್ಲದು. ಗಾಳಿಗೂಡಿನ ಗೋಡೆಯಲ್ಲಿ ದುಗ್ಧನಾಳಗಳಿಲ್ಲ. ಅವು ಶುರುವಾಗುವುದು ಅದಕ್ಕಿಂತ ಒಂದು ಹಂತ ಮೇಲೆ, ಸಣ್ಣ ಶ್ವಾಸನಳಿಕೆಗಳ ಸುತ್ತ. ಕಣವನ್ನು ನುಂಗಿದ ಭಕ್ಷಕ ಕೋಶಗಳು ಒಂದೋ ಕಫದ ಜೊತೆ ಮೇಲಕ್ಕೆ ಹೋಗುತ್ತವೆ, ಇಲ್ಲವೇ ಈ ದುಗ್ಧನಾಳಗಳನ್ನು ಸೇರುತ್ತವೆ. ಅಲ್ಲಿಂದ ಮುಂದಿನ ಪಯಣಕ್ಕೆ ಗೊತ್ತಾದ ನಿಲ್ದಾಣಗಳಿವೆ: ಶ್ವಾಸಕೋಶದೊಳಗಿನ ಗ್ರಂಥಿಗಳು, ಶ್ವಾಸಕೋಶದ ಬುಡದ ಗ್ರಂಥಿಗಳು, ಶ್ವಾಸನಾಳ ಎರಡಾಗಿ ಒಡೆಯುವ ಕವಲಿನ ಸುತ್ತಲಿನ ಗ್ರಂಥಿಗಳು, ಕೊನೆಗೆ ಶ್ವಾಸನಾಳದ ಇಕ್ಕೆಲದ ಗ್ರಂಥಿಗಳು. ಎಡ ಶ್ವಾಸಕೋಶದ ಕೆಳಹಾಲೆಯ ದುಗ್ಧರಸದ ಬಹುಪಾಲು ಕವಲನ್ನು ದಾಟಿ ಬಲಕ್ಕೆ ಹೋಗುತ್ತದೆ ಎಂಬುದು ವಿದ್ಯಾರ್ಥಿಗಳು ಮರೆಯುವ, ಶಸ್ತ್ರವೈದ್ಯರು ಮರೆಯಬಾರದ ಸಂಗತಿ. ಎಡ ಶ್ವಾಸಕೋಶದ ಗಡ್ಡೆಯ ಬೀಜ ಬಲಗಡೆಯ ಗ್ರಂಥಿಯಲ್ಲಿ ಮೊಳೆಯುವುದು ಇದರಿಂದಾಗಿ.

ಶಿಶುವಿನ ಶ್ವಾಸಕೋಶ ತಿಳಿಗೆಂಪು. ನಗರದಲ್ಲಿ ವರ್ಷಗಟ್ಟಲೆ ಬಾಳಿದವರ ಎದೆ ತೆರೆದರೆ ಕವಲಿನ ಗ್ರಂಥಿಗಳು ಇದ್ದಿಲಿನ ತುಂಡಿನಂತೆ ಕಪ್ಪಗೆ ಕಾಣುತ್ತವೆ. ಬೀಡಿ ಸಿಗರೇಟು ಮುಟ್ಟದವರಲ್ಲೂ ಇದು ಉಂಟು. ಇದನ್ನು ಹೇಳುವಾಗ ಭಯ ಬಿತ್ತಬಾರದು. ಕಪ್ಪು ಗ್ರಂಥಿ ತಾನಾಗಿಯೇ ರೋಗವಲ್ಲ, ಹೆಚ್ಚಿನವರಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಆದರೆ ಸುಮ್ಮನಿರದ ಸಂದರ್ಭಗಳೂ ಇವೆ. ಸೌದೆ ಒಲೆಯ ಮುಂದೆ ದಶಕಗಳನ್ನು ಕಳೆದ ಹೆಂಗಸರಲ್ಲಿ ಇಂಥ ಗ್ರಂಥಿಗಳು ಗಟ್ಟಿಯಾಗಿ, ನಾರುಗಟ್ಟಿ, ಪಕ್ಕದ ಶ್ವಾಸನಳಿಕೆಯನ್ನು ಜಗ್ಗಿ ಕಿರಿದಾಗಿಸಿದ್ದನ್ನು ಭಾರತದ ವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಹೊರಗಿನ ಗಾಳಿಯ ಮಾಲಿನ್ಯ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲೇ ತೀರ್ಮಾನಿಸಿದೆ. ಮಸಿಯ ಲೆಕ್ಕವನ್ನು ಶ್ವಾಸಕೋಶದಲ್ಲಿ ಮಾತ್ರ ಇಡುವವರು ಅದು ಕೊನೆಗೆ ಸೇರುವ ಜಾಗವನ್ನೇ ಬಿಟ್ಟು ಲೆಕ್ಕ ಹಾಕುತ್ತಿದ್ದಾರೆ.

ಇದೇ ಹಾದಿಯಲ್ಲಿ ಕ್ಷಯದ ಕ್ರಿಮಿಯೂ ಹೋಗುತ್ತದೆ. ಚೆಂಬೂರಿಗೆ ಹೊಂದಿಕೊಂಡ ಗೋವಂಡಿ, ದೇವನಾರ, ಮಾನ್‌ಖುರ್ದ್ ಸೇರಿದ ಎಂ ಪೂರ್ವ ವಾರ್ಡು ನಗರದಲ್ಲಿ ಕ್ಷಯದ ಭಾರ ಹೆಚ್ಚಿರುವ ಪ್ರದೇಶಗಳಲ್ಲೊಂದು. ಉಸಿರಿನ ಜೊತೆ ಒಳಬಂದ ಕ್ರಿಮಿ ಶ್ವಾಸಕೋಶದ ಅಂಚಿನಲ್ಲಿ ಸಣ್ಣ ಗಾಯ ಮಾಡಿ, ದುಗ್ಧನಾಳ ಹಿಡಿದು ಬುಡದ ಗ್ರಂಥಿಗೆ ಬರುತ್ತದೆ. ಗಾಯ ಮತ್ತು ಗ್ರಂಥಿಯ ಈ ಜೋಡಿಗೆ ಆಂಟನ್ ಘೋನ್ ಎಂಬ ವೈದ್ಯನ ಹೆಸರಿದೆ. ದೊಡ್ಡವರಲ್ಲಿ ಗಾಯ ದೊಡ್ಡದಾಗಿ ಕಫದಲ್ಲಿ ಕ್ರಿಮಿ ಸಿಗುತ್ತದೆ. ಮಕ್ಕಳಲ್ಲಿ ಅದಕ್ಕೆ ವಿರುದ್ಧ: ಗಾಯ ಕಾಣದಷ್ಟು ಸಣ್ಣದು, ಗ್ರಂಥಿ ದೊಡ್ಡದು. ಮಗುವಿನ ಶ್ವಾಸನಳಿಕೆ ಮೆದುವಾದ್ದರಿಂದ ಊದಿದ ಗ್ರಂಥಿ ಅದನ್ನು ಹಿಚುಕಿ ಸುಯ್‌ಗುಟ್ಟಿಸುತ್ತದೆ. ನೋಡಿದವರು ಉಬ್ಬಸ ಎನ್ನುತ್ತಾರೆ. ಕಫ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ಏಕೆಂದರೆ ರೋಗ ಇರುವುದು ಕಫ ಹರಿಯುವ ನಳಿಕೆಯ ಹೊರಗೆ. ಗ್ರಂಥಿಗಳ ಸಾಲು ಕೊರಳಿಗೂ ಮುಂದುವರಿಯುವುದರಿಂದ ಕೆಲವರಿಗೆ ಕೊರಳ ಪಕ್ಕ ಗಂಟುಗಳು ಏಳುತ್ತವೆ. ಹಳಬರು ಗಂಡಮಾಲೆ ಎಂದು ಕರೆಯುತ್ತಿದ್ದುದು ಇದನ್ನೇ. ಇನ್ನು ಶ್ವಾಸನಾಳದ ಕವಲಿನ ಕೆಳಗಿರುವ ಗ್ರಂಥಿಗಳ ಬೆನ್ನಿಗೇ ಅನ್ನನಾಳವಿದೆ. ಕ್ಷಯದಿಂದ ಊದಿದ ಆ ಗ್ರಂಥಿ ಅನ್ನನಾಳವನ್ನು ಒತ್ತಬಹುದು. ವಾಸಿಯಾಗುವಾಗ ನಾರುಗಟ್ಟಿ ಅದರ ಗೋಡೆಯನ್ನು ಹೊರಕ್ಕೆ ಎಳೆದು ಸಣ್ಣ ಜೇಬಿನಂತೆ ಮಾಡಬಹುದು. ಅಪರೂಪಕ್ಕೆ ಒಡೆದು ಅದರೊಳಗೇ ಬಾಯಿ ತೆರೆಯಲೂಬಹುದು. ತುತ್ತು ಸಿಕ್ಕಿಕೊಳ್ಳುತ್ತದೆ ಎಂದು ಬಂದವರಿಗೆ ಬೇಕಾದದ್ದು ಕ್ಷಯದ ಮಾತ್ರೆ ಎಂದು ತಿಳಿದಾಗ ರೋಗಿಗಷ್ಟೇ ಅಲ್ಲ, ವೈದ್ಯರಿಗೂ ಅಚ್ಚರಿಯಾಗುವುದುಂಟು.

ಎದೆಯ ದುಗ್ಧವ್ಯವಸ್ಥೆಯ ಇನ್ನೊಂದು ಭಾಗಕ್ಕೂ ಗಾಳಿಗೂ ಸಂಬಂಧವಿಲ್ಲ, ಅದರ ಸಂಬಂಧ ಊಟದ ಜೊತೆ. 1622ರಲ್ಲಿ ಇಟಲಿಯ ಗ್ಯಾಸ್ಪರೆ ಅಸೆಲ್ಲಿ, ಆಗಷ್ಟೇ ತಿಂದಿದ್ದ ನಾಯಿಯ ಹೊಟ್ಟೆ ಸೀಳಿದಾಗ ಕರುಳಪೊರೆಯಲ್ಲಿ ಬೆಳ್ಳನೆಯ ಎಳೆಗಳನ್ನು ಕಂಡ. ಅವು ಎಲ್ಲಿಗೆ ಹೋಗುತ್ತವೆ ಎಂದು 1651ರಲ್ಲಿ ಫ್ರಾನ್ಸಿನ ಜಾನ್ ಪೆಕೆ ತೋರಿಸಿದ: ಹೊಟ್ಟೆಯ ಹಿಂಭಾಗದ ಒಂದು ಚೀಲ, ಅಲ್ಲಿಂದ ಎದೆಯ ಮೂಲಕ ಏರುವ ಒಂದು ನಾಳ. ಮನುಷ್ಯರಲ್ಲಿ ಈ ಎದೆಯ ದುಗ್ಧನಾಳ ಸುಮಾರು 40 ಸೆಂಟಿಮೀಟರ್ ಉದ್ದ. ಅದು ಮಹಾಪಧಮನಿಯ ಜೊತೆ ವಪೆಯನ್ನು ದಾಟಿ, ಬೆನ್ನೆಲುಬಿನ ಮುಂದೆ ತುಸು ಬಲಕ್ಕೆ, ಅನ್ನನಾಳದ ಹಿಂದೆ ಏರುತ್ತದೆ. ಎದೆಯ ಐದನೆಯ ಕಶೇರುವಿನ ಆಸುಪಾಸಿನಲ್ಲಿ ಎಡಕ್ಕೆ ದಾಟುತ್ತದೆ, ಎಡಗೊರಳ ಬುಡದಲ್ಲಿ ಎರಡು ದೊಡ್ಡ ಅಭಿಧಮನಿಗಳು ಕೂಡುವಲ್ಲಿ ರಕ್ತಕ್ಕೆ ಸೇರುತ್ತದೆ. ತಲೆ–ಕೊರಳಿನ ಬಲಭಾಗ, ಬಲಗೈ, ಎದೆಯ ಬಲಭಾಗ ಬಿಟ್ಟರೆ ಉಳಿದ ಇಡೀ ದೇಹದ ದುಗ್ಧರಸ ಇದರಲ್ಲೇ ಹರಿಯುತ್ತದೆ. ದಿನಕ್ಕೆ ಎರಡು ಲೀಟರಿಗೂ ಮೇಲೆ ಹರಿಯಬಹುದು.

ಶಸ್ತ್ರಕ್ರಿಯೆಯಲ್ಲಿ ಇದು ತರುವ ಫಜೀತಿಯನ್ನು ಹೇಳಲೇಬೇಕು. ಬರಿಹೊಟ್ಟೆಯಲ್ಲಿರುವ ರೋಗಿಯ ದುಗ್ಧನಾಳ ಬಣ್ಣವಿಲ್ಲದ, ತೆಳ್ಳನೆಯ ಎಳೆ. ಅನ್ನನಾಳವನ್ನು ಬಿಡಿಸುವಾಗ ಕಣ್ಣಿಗೆ ಬೀಳದೆ ಹರಿದುಹೋಗಬಹುದು. ಹರಿದರೆ ಎದೆಯೊಳಗೆ ಹಾಲಿನಂಥ ದ್ರವ ತುಂಬಿ, ಕೊಬ್ಬು, ಪ್ರೋಟೀನು, ಬಿಳಿ ರಕ್ತಕಣ ಮೂರೂ ಸೋರಿಹೋಗುತ್ತವೆ. ರೋಗಿ ದಿನದಿನಕ್ಕೆ ಇಳಿದುಹೋಗುತ್ತಾರೆ. ಇದನ್ನು ತಪ್ಪಿಸಲು ಕೆಲವು ಶಸ್ತ್ರವೈದ್ಯರು ಶಸ್ತ್ರಕ್ರಿಯೆಗೆ ಮುಂಚೆ ರೋಗಿಯ ಹೊಟ್ಟೆಗೆ ಕೆನೆಯನ್ನೋ ಎಣ್ಣೆಯನ್ನೋ ಕೊಡುತ್ತಾರೆ. ಒಂದಷ್ಟು ಹೊತ್ತಿನಲ್ಲಿ ನಾಳ ಬೆಳ್ಳಗೆ ಉಬ್ಬಿ ಕಣ್ಣಿಗೆ ಬೀಳುತ್ತದೆ. ಕೆಳಗೆ ಹರಿದರೆ ಎದೆಯ ಬಲಗಡೆ, ಮೇಲೆ ಹರಿದರೆ ಎಡಗಡೆ ದ್ರವ ತುಂಬುವುದೂ ನಾಳದ ದಾರಿಯನ್ನು ಬಲ್ಲವರಿಗೆ ಒಗಟಲ್ಲ. ಎಡಗೊರಳೆಲುಬಿನ ಮೇಲಿನ ಗುಳಿಯಲ್ಲಿ ಗಟ್ಟಿ ಗಂಟೊಂದು ಕೈಗೆ ಸಿಕ್ಕರೆ ವೈದ್ಯರು ಹೊಟ್ಟೆಯ, ಅನ್ನನಾಳದ ಕ್ಯಾನ್ಸರನ್ನು ಹುಡುಕಲು ಹೊರಡುವುದೂ ಈ ನಾಳದ ಕೊನೆ ಅಲ್ಲಿದೆ ಎಂಬ ಕಾರಣಕ್ಕೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಕೋನ ಹೆಸರು ಆ ಗ್ರಂಥಿಗಿದೆ.

ಇನ್ನು ನರಗಳು. ಎದೆಯ ಗೋಡೆಯ ನರಗಳದು ನೇರ ವ್ಯವಹಾರ. ಪ್ರತಿ ಪಕ್ಕೆಲುಬಿನ ಕೆಳಅಂಚಿನ ತೋಡಿನಲ್ಲಿ ಅಭಿಧಮನಿ, ಅಪಧಮನಿ, ನರ ಈ ಕ್ರಮದಲ್ಲಿ ಸಾಗುತ್ತವೆ. ಎದೆಯಿಂದ ನೀರು ತೆಗೆಯುವ ಸೂಜಿಯನ್ನು ಪಕ್ಕೆಲುಬಿನ ಮೇಲಂಚಿಗೆ ತಾಗಿಸಿ ಚುಚ್ಚುವುದು ಅದಕ್ಕೇ. ಸರ್ಪಸುತ್ತು ಎದ್ದಾಗ ಗುಳ್ಳೆಗಳು ಬೆನ್ನಿನಿಂದ ಎದೆಗೆ ಅರ್ಧ ಪಟ್ಟಿಯಂತೆ ಸುತ್ತಿ ನಡುಗೆರೆಯಲ್ಲಿ ನಿಲ್ಲುತ್ತವೆ. ಅದು ಒಂದು ನರದ ಹದ್ದು. ಹಾವು ಪೂರ್ತಿ ಸುತ್ತಿದರೆ ಸಾವು ಎಂಬ ನಂಬಿಕೆಗೆ ಆಧಾರವಿಲ್ಲ. ಗೋಡೆಯ ನೋವನ್ನು ರೋಗಿ ಬೆರಳಿಟ್ಟು ತೋರಿಸಬಲ್ಲ.

ಒಳಗಿನ ನರಗಳು ಹಾಗಲ್ಲ. ವಪೆಯ ನರ ಹುಟ್ಟುವುದು ಕೊರಳಿನಲ್ಲಿ, ಬೆನ್ನುಹುರಿಯ ಮೂರು, ನಾಲ್ಕು, ಐದನೆಯ ಕುತ್ತಿಗೆ ನರಗಳಿಂದ. ಭ್ರೂಣದಲ್ಲಿ ವಪೆ ರೂಪುಗೊಳ್ಳಲು ಶುರುವಾದದ್ದು ಕೊರಳ ಮಟ್ಟದಲ್ಲಿ. ಅದು ಕೆಳಗಿಳಿದಂತೆ ನರವೂ ಉದ್ದವಾಯಿತು. ಶ್ವಾಸಕೋಶದ ಬುಡದ ಮುಂದೆ ಹಾದು, ಹೃದಯದ ಚೀಲಕ್ಕೆ ಅಂಟಿಕೊಂಡು ಅದು ವಪೆ ಸೇರುತ್ತದೆ. ವಪೆ ಕೆರಳಿದಾಗ ಭುಜದ ತುದಿ ನೋಯುವುದಕ್ಕೆ ಆ ಹಳೆಯ ಕೊರಳ ನಂಟೇ ಕಾರಣ. ಬಿಡದೆ ಕಾಡುವ ಬಿಕ್ಕಳಿಕೆಯ ಬೆನ್ನುಹತ್ತಿ ಹೋದ ವೈದ್ಯರು ಎದೆಯೊಳಗಿನ ಗಂಟನ್ನು ಮುಟ್ಟುವುದೂ ಉಂಟು.

ಈ ಇಡೀ ವಾದದ ನಡುಗಂಬ ವೇಗಸ್ ನರ. ಮೆದುಳಿನಿಂದ ನೇರ ಹೊರಟು, ಕೊರಳು ದಾಟಿ, ಶ್ವಾಸಕೋಶದ ಬುಡದ ಹಿಂದೆ ಹಾದು ಅದು ಅನ್ನನಾಳದ ಮೇಲೆ ಬಲೆಯಾಗಿ ಹರಡುತ್ತದೆ. ವಪೆಯ ಹತ್ತಿರ ಮತ್ತೆ ಕೂಡಿಕೊಂಡು ಎಡದ್ದು ಮುಂದೆ, ಬಲದ್ದು ಹಿಂದೆ ನಿಂತು ಹೊಟ್ಟೆಗೆ ಇಳಿಯುತ್ತದೆ. ಕಿವಿಯ ಹೊರನಾಳಕ್ಕೂ ಅದರದೊಂದು ಸಣ್ಣ ಕವಲಿದೆ. ಕಿವಿಗೆ ಕಡ್ಡಿ ಹಾಕಿದಾಗ ಕೆಲವರಿಗೆ ಕೆಮ್ಮು ಬರುವುದು ಅದರಿಂದ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ಇದೇ ನರವಾದ್ದರಿಂದ ಅನ್ನನಾಳದ ತಳಕ್ಕೆ ಹೊಟ್ಟೆಯ ಹುಳಿ ಏರಿದರೂ ಕೆಮ್ಮು ಎಬ್ಬಿಸಬಲ್ಲದು. ಎದೆಯುರಿ ಇಲ್ಲದೆಯೂ ಹೀಗಾಗಬಹುದು. ಚೆಂಬೂರಿನವರೊಬ್ಬರು ತಿಂಗಳಿಂದ ಕೆಮ್ಮುತ್ತಿದ್ದರೆ ಅದಕ್ಕೆ ಕಾರ್ಖಾನೆಯ ಗಾಳಿ, ಕ್ಷಯದ ಗ್ರಂಥಿ, ರಾತ್ರಿ ಹನ್ನೊಂದರ ಊಟ, ಮೂರರಲ್ಲಿ ಯಾವುದಾದರೂ ಕಾರಣವಾಗಿರಬಹುದು, ಮೂರೂ ಇರಬಹುದು. ‘ನಮ್ಮ ಕಡೆಯ ಹವೆಯೇ ಹೀಗೆ’ ಎಂದು ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟುವುದೂ ಆಗ ಒಂದು ಬಗೆಯ ಅಲಕ್ಷ್ಯವೇ.

ವೇಗಸ್‌ನ ಕವಲುಗಳಲ್ಲಿ ಅತಿ ವಿಚಿತ್ರವಾದದ್ದು ದನಿಪೆಟ್ಟಿಗೆಗೆ ಹೋಗುವ ಹಿಮ್ಮರಳುವ ನರ. ಬಲಗಡೆ ಅದು ಕೊರಳ ಬುಡದ ಅಪಧಮನಿಯ ಕೆಳಗೆ ಸುತ್ತಿ ಮೇಲೇರುತ್ತದೆ. ಎಡಗಡೆ ಎದೆಯೊಳಗೆ ಇಳಿದು, ಮಹಾಪಧಮನಿಯ ಕಮಾನಿನ ಕೆಳಗೆ ಸುತ್ತಿ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಸಂದಿಯಲ್ಲಿ ದನಿಪೆಟ್ಟಿಗೆಗೆ ಮರಳುತ್ತದೆ. ಕೊರಳಿನಿಂದ ಕೊರಳಿಗೆ ಹೋಗಲು ಎದೆಗೆ ಬಂದು ಹೋಗುವ ಈ ಸುತ್ತುದಾರಿ ಯೋಜನೆ ಮಾಡಿ ಹಾಕಿದ್ದಲ್ಲ. ಭ್ರೂಣದಲ್ಲಿ ಹೃದಯವೂ ಅದರ ದೊಡ್ಡ ರಕ್ತನಾಳಗಳೂ ಕೊರಳಿನಿಂದ ಎದೆಗೆ ಜಾರುವಾಗ ನರ ಅವುಗಳಿಗೆ ಸಿಕ್ಕಿ ಜೊತೆಗೇ ಎಳೆದುಬಂತು. ಪರಿಣಾಮ ಮಾತ್ರ ಗಂಭೀರ. ಕಮಾನಿನ ಕೆಳಗಿನ ಗ್ರಂಥಿ ಕ್ಷಯದಿಂದಲೋ ಕ್ಯಾನ್ಸರಿನಿಂದಲೋ ಊದಲಿ, ಮಹಾಪಧಮನಿ ಉಬ್ಬಲಿ, ಅನ್ನನಾಳದ ಗಡ್ಡೆ ಮುಂದಕ್ಕೆ ಚಾಚಲಿ, ಎಡಗಡೆಯ ದನಿತಂತು ಸೋತು ದನಿ ಒಡೆಯುತ್ತದೆ. ಕೀಲುವಾತದ ಜ್ವರದಿಂದ ಹೃದಯದ ಕವಾಟ ಕಿರಿದಾಗಿ ಎಡ ಹೃತ್ಕರ್ಣ ಹಿಗ್ಗಿದವರಲ್ಲೂ ದನಿ ಬೀಳಬಹುದು ಎಂದು 1897ರಲ್ಲಿ ನಾರ್ಬರ್ಟ್ ಓರ್ಟ್ನರ್ ತೋರಿಸಿದ. ಗಂಟಲಿಗೆ ಟಾರ್ಚು ಬಿಟ್ಟು ನೋಡಿದರೆ ಇವರ್ಯಾರ ಗಂಟಲಿನಲ್ಲೂ ಏನೂ ಇರುವುದಿಲ್ಲ. ಉಪ್ಪುನೀರು ಮುಕ್ಕಳಿಸಿ ಎಂದು ಕಳಿಸಿದರೆ ತಪ್ಪಿದ್ದು ವೈದ್ಯರ ಶ್ರದ್ಧೆಯಲ್ಲ, ಅವರು ಹುಡುಕಿದ ಜಾಗ.

ನೋವನ್ನು ಒಯ್ಯುವುದು ಬಹುಮಟ್ಟಿಗೆ ಇನ್ನೊಂದು ವ್ಯವಸ್ಥೆ: ಪಕ್ಕೆಲುಬುಗಳ ಬುಡದಲ್ಲಿ ಬೆನ್ನೆಲುಬಿನ ಎರಡೂ ಕಡೆ ಇಳಿಬಿಟ್ಟ ಸಿಂಪಥೆಟಿಕ್ ನರಸರಪಳಿ. ಹೃದಯದ ನೋವೂ ಅನ್ನನಾಳದ ನೋವೂ ಇದರ ಮೂಲಕ ಬೆನ್ನುಹುರಿಯ ಹೆಚ್ಚುಕಡಿಮೆ ಅದೇ ಮಟ್ಟಗಳನ್ನು ಸೇರುತ್ತವೆ. ಎದೆಚಕ್ಕೆಯ ಹಿಂದೆ ಹಿಂಡಿದಂತಾಗುವುದು ಯಾವುದರಿಂದ ಎಂದು ಬೇರ್ಪಡಿಸಲು ಮೆದುಳಿಗೇ ಆಗುವುದಿಲ್ಲ. ಹೃದಯಕ್ಕೆಂದು ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಅನ್ನನಾಳದ ಸೆಳೆತವನ್ನೂ ಸಡಿಲಿಸುತ್ತದೆ. ಆಮ್ಲಶಾಮಕ ಕುಡಿದ ಮೇಲೆ ಹಗುರಾಯಿತು ಎಂದ ಮಾತ್ರಕ್ಕೆ ಹೃದಯಾಘಾತವಲ್ಲ ಎನ್ನುವಂತೆಯೂ ಇಲ್ಲ. ‘ಗ್ಯಾಸ್ ಆಗಿದೆ’ ಎಂದು ಸೋಡಾ ಕುಡಿದು ಮಲಗುವ ಅಭ್ಯಾಸ ಮುಂಬಯಿಯ ಮನೆಮನೆಯಲ್ಲಿದೆ. ಬೆವರಿನ ಜೊತೆ ಬಂದ ಎದೆಬಿಗಿತಕ್ಕೆ ಮೊದಲು ಆಗಬೇಕಾದದ್ದು ಇಸಿಜಿ. ಈ ವಿಷಯದಲ್ಲಿ ರಾಜಿಗೆ ಜಾಗವಿಲ್ಲ.

ಕೊನೆಗೆ ಅನ್ನನಾಳ. ಸುಮಾರು 25 ಸೆಂಟಿಮೀಟರ್ ಉದ್ದದ ಈ ಸ್ನಾಯುಕೊಳವೆ ಆರನೆಯ ಕುತ್ತಿಗೆ ಕಶೇರುವಿನ ಮಟ್ಟದಲ್ಲಿ ಶುರುವಾಗಿ, ಶ್ವಾಸನಾಳದ ಹಿಂದೆ, ಎಡ ಶ್ವಾಸನಳಿಕೆಯ ಹಿಂದೆ, ಹೃದಯದ ಎಡ ಹೃತ್ಕರ್ಣದ ಹಿಂದೆ ಇಳಿದು, ಎದೆಯ ಹತ್ತನೆಯ ಕಶೇರುವಿನ ಮಟ್ಟದಲ್ಲಿ ವಪೆಯನ್ನು ತೂರಿ ಹೊಟ್ಟೆ ಸೇರುತ್ತದೆ. ಮೇಲಿನ ಭಾಗದ ಸ್ನಾಯು ಕೈಕಾಲಿನದರ ಜಾತಿಯದು, ಕೆಳಗಿನದು ಕರುಳಿನ ಜಾತಿಯದು, ನಡುವೆ ಎರಡೂ ಬೆರೆತಿವೆ. ಮುಂಬಲ್ಲಿನಿಂದ ಅಳೆದರೆ 15 ಸೆಂಟಿಮೀಟರಿನಲ್ಲಿ ಅದರ ಬಾಯಿ, ಸುಮಾರು 22ರಲ್ಲಿ ಮಹಾಪಧಮನಿಯ ಒತ್ತು, 27ರ ಆಸುಪಾಸಿನಲ್ಲಿ ಎಡ ಶ್ವಾಸನಳಿಕೆಯ ಒತ್ತು, 40ರ ಹತ್ತಿರ ವಪೆ. ಮಕ್ಕಳು ನುಂಗಿದ ನಾಣ್ಯ, ದೊಡ್ಡವರು ನುಂಗಿದ ಮೀನಿನ ಮುಳ್ಳು ಸಿಕ್ಕುವುದು ಈ ಇಕ್ಕಟ್ಟುಗಳಲ್ಲೇ. ಎಂಡೋಸ್ಕೊಪಿ ವರದಿಗಳಲ್ಲಿ ‘28 ಸೆಂ.ಮೀ.ನಲ್ಲಿ ಗಡ್ಡೆ’ ಎಂದು ಬರೆದಿದ್ದರೆ ಅಳತೆ ಶುರುವಾದದ್ದು ಹಲ್ಲಿನಿಂದ. ಅದು ಎಡ ಶ್ವಾಸನಳಿಕೆಯ ಒತ್ತಿನ ಆಸುಪಾಸಿನ ಜಾಗ ಎಂದು ಓದಿದವರು ತಾವೇ ಊಹಿಸಬಹುದು.

ಕ್ಯಾನ್ಸರಿನ ವಿಷಯದಲ್ಲಿ ಅನ್ನನಾಳದ ರಚನೆ ಮೂರು ಕಡೆ ರೋಗಿಗೆ ಎದುರು ನಿಲ್ಲುತ್ತದೆ. ಕರುಳಿಗಿರುವಂಥ ನುಣುಪು ಹೊರಪೊರೆ ಎದೆಯ ಅನ್ನನಾಳಕ್ಕಿಲ್ಲ. ಸ್ನಾಯು ದಾಟಿದ ಗಡ್ಡೆಗೆ ಮುಂದಿನದು ನೇರವಾಗಿ ಶ್ವಾಸನಾಳ ಅಥವಾ ಮಹಾಪಧಮನಿ. ಎರಡನೆಯದು ದುಗ್ಧನಾಳಗಳ ಜಾಲ. ದೊಡ್ಡಕರುಳಿನಲ್ಲಿ ಮೇಲ್ಪೊರೆಯ ಮಟ್ಟದಲ್ಲಿ ದುಗ್ಧನಾಳಗಳು ಬಹಳ ವಿರಳ. ಅನ್ನನಾಳದಲ್ಲಿ ಅವು ಮೇಲ್ಪೊರೆಯ ಕೆಳಗೇ ಶುರುವಾಗಿ, ಅಡ್ಡಡ್ಡಲಾಗಿ ಹೊರಗೆ ಹೋಗುವ ಬದಲು ಉದ್ದಕ್ಕೆ, ಮೇಲಕ್ಕೂ ಕೆಳಕ್ಕೂ ಹರಿಯುತ್ತವೆ. ಎದೆಯ ನಡುವಿನ ಗಡ್ಡೆಯ ಕೋಶಗಳು ಪಕ್ಕದ ಗ್ರಂಥಿಯನ್ನು ಬಿಟ್ಟು ಕೊರಳಿನ ಗ್ರಂಥಿಯಲ್ಲೋ ಹೊಟ್ಟೆಯ ಗ್ರಂಥಿಯಲ್ಲೋ ಕಾಣಿಸಿಕೊಳ್ಳುವುದು ಇದರಿಂದ. ಅನ್ನನಾಳದ ಬಹುಭಾಗವನ್ನೇ ತೆಗೆದು, ಕೊರಳು, ಎದೆ, ಹೊಟ್ಟೆ ಮೂರೂ ಕಡೆಯ ಗ್ರಂಥಿಗಳ ಬಗ್ಗೆ ಶಸ್ತ್ರವೈದ್ಯರು ತಲೆಕೆಡಿಸಿಕೊಳ್ಳುವುದೂ ಇದಕ್ಕಾಗಿಯೇ. ಮೂರನೆಯದು ಗೋಡೆಯ ಹಿಗ್ಗುವ ಗುಣ. ಆರೋಗ್ಯವಂತ ಅನ್ನನಾಳ ಎರಡು ಸೆಂಟಿಮೀಟರಿಗೂ ಮೇಲೆ ಅಗಲಿಸಿಕೊಳ್ಳಬಲ್ಲದು. ದಾರಿ ಸುಮಾರು 13 ಮಿಲಿಮೀಟರಿಗಿಂತ ಕಿರಿದಾಗುವವರೆಗೆ ಗಟ್ಟಿ ಆಹಾರವೂ ಹೇಗೋ ಇಳಿಯುತ್ತಿರುತ್ತದೆ. ಚಪಾತಿ ಸಿಕ್ಕಿಕೊಂಡಾಗ ನೀರು ಕುಡಿದು ಇಳಿಸುತ್ತಾರೆ, ಆಮೇಲೆ ಚಪಾತಿ ಬಿಟ್ಟು ಅನ್ನ ಕಲಸುತ್ತಾರೆ, ಅನ್ನವೂ ಆಗದಾಗ ಗಂಜಿ. ನಾಳಕ್ಕೆ ಹೊಂದಿಕೊಳ್ಳುತ್ತ ಹೋಗುವ ಈ ಜಾಣ್ಮೆಯಲ್ಲೇ ತಿಂಗಳುಗಳು ಕಳೆದುಹೋಗುತ್ತವೆ.

‘ರೋಗಿಗಳು ತಡಮಾಡಿ ಬರುತ್ತಾರೆ’ ಎಂಬ ಆಸ್ಪತ್ರೆಗಳ ಸಿದ್ಧ ದೂರಿನಲ್ಲಿ ಹೀಗಾಗಿ ಅರ್ಧ ಸತ್ಯ ಮಾತ್ರ ಇದೆ. ಮೊದಲ ತಡ ರಚನೆಯದು, ರೋಗಿಯದಲ್ಲ. ಹಾಗಾಗಿಯೇ ತುತ್ತು ಮೊದಲ ಸಲ ಸಿಕ್ಕಿದ ದಿನ ಈ ರೋಗದಲ್ಲಿ ಆರಂಭದ ದಿನವಲ್ಲ, ಆಗಲೇ ತಡವಾದ ದಿನ. ಅದರ ಮೇಲೆ ಇನ್ನೊಂದು ತಡವನ್ನು ಹೇರಲು ಯಾರಿಗೂ ಹಕ್ಕಿಲ್ಲ, ಕೇಳಿದವರಿಗೆಲ್ಲ ಹುಳಿತೇಗಿನ ಮಾತ್ರೆ ಕೊಟ್ಟು ಕಳಿಸುವ ಅಂಗಡಿಯವರಿಗಂತೂ ಇಲ್ಲವೇ ಇಲ್ಲ.

ಕನ್ನಡಿಗರಿಗೆ ಇದು ದೂರದ ರೋಗವೂ ಅಲ್ಲ. ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳದ ಕ್ಯಾನ್ಸರ್ ಗಂಡಸರಲ್ಲೂ ಹೆಂಗಸರಲ್ಲೂ ಮುಂಚೂಣಿಯ ಸ್ಥಾನಗಳಲ್ಲಿ ಬಂದಿದೆ. ಮುಂಬಯಿಯಲ್ಲಿ ಇಂಥ ಲೆಕ್ಕ 1963ರಿಂದಲೇ ಇದೆ, ದೇಶದ ಮೊದಲ ಜನಾಧಾರಿತ ನೋಂದಣಿ ಶುರುವಾದದ್ದು ಅಲ್ಲಿ. ಬೀಡಿ, ಸಿಗರೇಟು, ಹೆಂಡದ ಜೊತೆಗೆ ಎಲೆ ಅಡಿಕೆಯೂ, ಹೊಗೆಸೊಪ್ಪು ಇರಲಿ ಬಿಡಲಿ, ಅನ್ನನಾಳದ ಕ್ಯಾನ್ಸರಿಗೆ ಕಾರಣ ಎಂಬುದು ಈಗ ಸಿದ್ಧವಾದ ಮಾತು. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಪಾನಿನ ಅಂಗಡಿಗಳು ಮಾತ್ರ ಎಲ್ಲೂ ಮುಚ್ಚಲಿಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳೂ ಅನ್ನನಾಳದ ಕ್ಯಾನ್ಸರನ್ನು ತರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ವಿಭಾಗ 2016ರಲ್ಲಿ ಹೇಳಿತು. ಕಟಿಂಗ್ ಚಹಾ ಬಿಡಬೇಕಾಗಿಲ್ಲ, ಆರಿಸಿ ಕುಡಿದರಾಯಿತು. ಮಾಹುಲಿನ ಗಾಳಿಯೇ ಅನ್ನನಾಳದ ಕ್ಯಾನ್ಸರ್ ತರುತ್ತದೆ ಎಂದು ಹೇಳಲು ಆಧಾರವಿಲ್ಲ. ಮಾಲಿನ್ಯದ ವಿರುದ್ಧ ಹೋರಾಡುವವರು ಇದನ್ನು ಸೇರಿಸಿಕೊಳ್ಳದಿದ್ದರೆ ಅವರ ವಾದ ಗಟ್ಟಿಯಾಗಿಯೇ ಉಳಿಯುತ್ತದೆ.

ಅಂಗಗಳ ಈ ಅಕ್ಕಪಕ್ಕ ಕೇಡನ್ನಷ್ಟೇ ತರುತ್ತದೆ ಎನ್ನಲಾಗದು. ಹೃದಯದ ಎಡ ಹೃತ್ಕರ್ಣದಲ್ಲಿ ಹೆಪ್ಪುಗಟ್ಟಿದ ರಕ್ತವಿದೆಯೇ ಎಂದು ನೋಡಲು ವೈದ್ಯರು ಪ್ರತಿಧ್ವನಿ ಯಂತ್ರದ ತುದಿಯನ್ನು ಅನ್ನನಾಳಕ್ಕೆ ಇಳಿಸುತ್ತಾರೆ. ಎದೆಯ ಮುಂಭಾಗದಿಂದ ಪಕ್ಕೆಲುಬು, ಶ್ವಾಸಕೋಶಗಳ ಅಡ್ಡಿ ಇದೆ, ಅನ್ನನಾಳದಿಂದ ಅದು ಕೈಯಳತೆಯಲ್ಲಿದೆ. ಕವಲಿನ ಕೆಳಗಿನ ಗ್ರಂಥಿಯಲ್ಲಿ ಕ್ಷಯವೋ ಕ್ಯಾನ್ಸರೋ ಎಂದು ತಿಳಿಯಲು ಹಿಂದೆ ಎದೆಚಕ್ಕೆಯ ಮೇಲೆ ಕೊಯ್ದು ದುರ್ಬೀನು ಇಳಿಸಬೇಕಾಗುತ್ತಿತ್ತು. ಈಗ ಶ್ವಾಸನಾಳದ ಒಳಗಿನಿಂದಲೋ ಅನ್ನನಾಳದ ಒಳಗಿನಿಂದಲೋ ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಗೋಡೆ ದಾಟಿ ಸೂಜಿ ಚುಚ್ಚಿ ಮಾದರಿ ತೆಗೆಯುತ್ತಾರೆ. ಶ್ವಾಸದ ವೈದ್ಯರೂ ಹೊಟ್ಟೆಯ ವೈದ್ಯರೂ ಒಂದೇ ಗ್ರಂಥಿಯನ್ನು ಎರಡು ಕಡೆಯಿಂದ ಮುಟ್ಟಬಲ್ಲರು. ಇಷ್ಟಾದ ಮೇಲೂ ಎದೆಯನ್ನು ಇಲಾಖೆಗಳಾಗಿ ಹಂಚಿಕೊಂಡಿರುವುದಕ್ಕೆ ಆಡಳಿತದ ಅನುಕೂಲ ಬಿಟ್ಟು ಬೇರೆ ಕಾರಣ ಕಾಣದು.

ಎಲ್ಲ ಕೆಮ್ಮಿಗೂ ಎಲ್ಲ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಬಹುದು. ಬೇಡ. ಹೆಚ್ಚಿನ ಕೆಮ್ಮು ನೆಗಡಿಯದು, ಹೆಚ್ಚಿನ ಎದೆಯುರಿ ಊಟದ್ದು. ರಚನೆಯ ತಿಳಿವಳಿಕೆ ಕಲಿಸುವುದು ಯಾವ ದೂರನ್ನು ಕಾಯಿಸಬಾರದು ಎಂಬುದನ್ನು. ಎರಡು ವಾರ ದಾಟಿದ ಕೆಮ್ಮಿಗೆ ಸರಕಾರಿ ಕ್ಷಯ ಕಾರ್ಯಕ್ರಮದಲ್ಲಿ ಪರೀಕ್ಷೆ ಉಚಿತ. ಕಫದಲ್ಲಿ ಏನೂ ಸಿಗದೆ ಮಗು ಸೊರಗುತ್ತಿದ್ದರೆ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಬುಡದ ಗ್ರಂಥಿಗಳನ್ನು ನೋಡಲು ಕೇಳಬೇಕು. ಮೂರು ವಾರ ದಾಟಿದ ಒಡಕು ದನಿಗೆ ಗಂಟಲಿನ ಜೊತೆ ಎದೆಯನ್ನೂ ನೋಡಿಸಬೇಕು. ಗಟ್ಟಿ ತುತ್ತು ಎದೆಯ ನಡುವೆ ನಿಂತಂತಾದರೆ, ಅದು ಒಂದೇ ಸಲವಾದರೂ, ವಯಸ್ಸು ನಲವತ್ತು ದಾಟಿ ಎಲೆ ಅಡಿಕೆಯ ಅಥವಾ ಹೊಗೆಯ ಅಭ್ಯಾಸವಿದ್ದರಂತೂ, ಮಾತ್ರೆ ನುಂಗಿ ನೋಡುವ ಮೊದಲು ಎಂಡೋಸ್ಕೊಪಿ ಮಾಡಿಸಿಕೊಳ್ಳಬೇಕು. ಆ ಪರೀಕ್ಷೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ.